ಬಾಟಲಿಗೆ ಹಾಕಿದ ಕೊಸರು

ಶಿರಸಿ ಪೇಟೆಯಲ್ಲಿ ನಮ್ಮ ಕಿರಾಣಿ ಅಂಗಡಿ ಎಲ್ಲಿ ಎಂದು ಕೇಳಿದವರಿಗೆ ಜನ ದಾರಿ ತೋರಿಸುತ್ತಿದ್ದುದು ಹೀಗೆ: "ಹಂಗೇ ಮುಂದೆ ಹೋಗಿ. ಯಾರೋ ಕೂಗಾಡೋದು ಕೇಳ್ತದೆ. ಅದೇ ಅಂಗಡಿ."

ಕೂಗಾಡುತ್ತಿದ್ದವನು ನಾನು. ಮುಚ್ಚಿಟ್ಟು ಪ್ರಯೋಜನವಿಲ್ಲ, ಪೇಟೆಗೆಲ್ಲ ಗೊತ್ತಿದ್ದ ವಿಷಯ. ಬೇಳೆಯಲ್ಲಿ ಕಲ್ಲಿದೆ ಎಂದವರ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಕಲ್ಲಿದ್ದೂ ಮಾತಾಡದೆ ಕಟ್ಟಿಸಿಕೊಂಡು ಹೋಗುವವರ ಮೇಲೆ ಇನ್ನೂ ಹೆಚ್ಚು ಬರುತ್ತಿತ್ತು. ಸಿದ್ದಾಪುರದಿಂದ ಆಗಾಗ ಬರುವ ಗಿರಾಕಿಯೊಬ್ಬರು ಬೆಲ್ಲದ ಪೆಂಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಬೆರಳು ನೆಕ್ಕಿ, ಏನೂ ಹೇಳದೆ ಮುಂದಿನ ಪೆಂಟೆಗೆ ಹೋಗುತ್ತಿದ್ದರು. ಒಂದು ದಿನ ಅವರಿಗೆ ನಾನು ಅಂದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಅವರು ಕೊಡೆ ಮರೆತು ಹೋದರು, ಬೆನ್ನಟ್ಟಿ ಹೋಗಿ ಕೊಡೆ ಕೊಟ್ಟು, ಮರೆತದ್ದಕ್ಕಾಗಿ ಮತ್ತೊಮ್ಮೆ ಬೈದು ಬಂದೆ.

ಅಂಗಡಿ ನನ್ನ ಅಪ್ಪ ಇಟ್ಟದ್ದು. ನಮ್ಮದು ಮೂಲ ದಾಸನಕೊಪ್ಪ, ಹೊಲಮನೆಯವರು. ಅಪ್ಪ ಅಲ್ಲಿಂದ ಶಿರಸಿಗೆ ಬಂದು ತಕ್ಕಡಿ ಹಿಡಿದರು. ಅವರು ತೀರಿಕೊಂಡ ಮೇಲೆ ತಕ್ಕಡಿ ನನ್ನ ಕೈಗೆ ಬಂತು, ತಕ್ಕಡಿಯ ಧರ್ಮ ಅವ್ವನ ಕೈಗೆ ಹೋಯಿತು. ಧರ್ಮ ಎಂದರೆ ಕೊಸರು. ಅಳೆದ ಮೇಲೆ, ತೂಗಿದ ಮೇಲೆ, ಗಿರಾಕಿ ಕೇಳುವ ಮೊದಲೇ ಮೇಲೆ ಒಂದಿಷ್ಟು ಹಾಕಿಕೊಡುವುದು. ಎಣ್ಣೆಯ ಬಾಟಲಿಯಾದರೆ ಕತ್ತಿನ ತನಕ ತುಂಬಬೇಕು. ತುಂಬಿದ ಮೇಲೆ ಇನ್ನೂ ನಾಲ್ಕು ಹನಿ ಬಿಡಬೇಕು. ಸೇರು ಹೋಗಿ ಕಿಲೋ ಬಂದ ಹೊಸದರಲ್ಲಿ ಊರಿನ ಪ್ರತಿಯೊಬ್ಬರಿಗೂ ತಮಗೆ ಮೋಸವಾಗುತ್ತಿದೆ ಎಂಬ ಗುಮಾನಿ ಇದ್ದಾಗ, ಅವ್ವ ಒಳಬಾಗಿಲಲ್ಲಿ ಕೂತು ಕಣ್ಣಿಟ್ಟು ನೋಡುತ್ತಿದ್ದಳು. ಕೊಸರು ಸಣ್ಣದಾಯಿತು ಎನಿಸಿದರೆ ಕೆಮ್ಮುತ್ತಿದ್ದಳು. ಅವಳಿಗೆ ಕೆಮ್ಮಿನ ರೋಗವಿದೆ ಎಂದು ಗಿರಾಕಿಗಳು ತಿಳಿದಿದ್ದರು.

ನನ್ನ ಹೆಂಡತಿ ಬನವಾಸಿ ಕಡೆಯವಳು. ಅವಳ ಬಗ್ಗೆ ಆಗ ಯಾರಾದರೂ ಕೇಳಿದ್ದರೆ "ತಣ್ಣಗಿನ ಹೆಂಗಸು" ಎನ್ನುತ್ತಿದ್ದೆ, ಅಷ್ಟೇ. ನಾನು ಕೂಗಿದರೆ ಅವಳು ಮಕ್ಕಳನ್ನು ಹಿತ್ತಿಲಿಗೆ ಕಳಿಸಿ ತನ್ನ ಕೆಲಸ ಮುಂದುವರಿಸುತ್ತಿದ್ದಳು. ತಿರುಗಿ ಮಾತಾಡಿದ್ದಿಲ್ಲ, ತವರಿಗೆ ಹೋಗುತ್ತೇನೆ ಎಂದದ್ದಿಲ್ಲ. ಇದೂ ಒಮ್ಮೊಮ್ಮೆ ನನ್ನ ಸಿಟ್ಟಿಗೆ ಕಾರಣವಾಗುತ್ತಿತ್ತು.

ಅರವತ್ತರ ದಶಕದ ನಡುವಿನ ಮಾತು. ಸಿಟ್ಟು ಬಂದಾಗ ನನಗೆ ಎದೆ ಡವಡವ ಹೊಡೆದುಕೊಳ್ಳುವುದು, ಮೈಯೆಲ್ಲ ಬೆವರುವುದು, ತಲೆ ಸಿಡಿಯುವುದು ಶುರುವಾಯಿತು. ಮುಖ ಕೆಂಪಾಗುವ ಬದಲು ಬಿಳಿಚಿಕೊಳ್ಳುತ್ತದೆ ಎಂದು ಎದುರಿನ ಬಟ್ಟೆ ಅಂಗಡಿಯವರು ಹೇಳಿದರು. ಅವ್ವ ಹೆದರಿ ಡಾಕ್ಟರರಲ್ಲಿಗೆ ಅಟ್ಟಿದಳು.

ನಮ್ಮ ಶಿರಸಿಯ ಡಾಕ್ಟರರು ಒಳ್ಳೆಯವರು, ಆದರೆ ಅವರ ಕಂಪೌಂಡರನು ನನಗಿಂತ ಹಿಂದೆ ಬಂದವರನ್ನು ಮೊದಲು ಒಳಗೆ ಬಿಟ್ಟ. ಅವನಿಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ ಮರುಗಳಿಗೆಯಲ್ಲೇ ನನ್ನ ಸರದಿ ಬಂತು. ಡಾಕ್ಟರರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಎಂತ ಮಾರಾಯ್ರೇ ಇದು? ಪಾದರಸ ಮೇಲೆ ಹೋಗಿ ತಲೆ ಹೊಡ್ಕಳ್ತಾ ಇದ್ದು!" ಎಂದರು. ಅವರು ಸಿದ್ದಾಪುರ ಕಡೆಯವರು, ಗಾಬರಿಯಾದರೆ ‘ಇದೆ’ ಎನ್ನಲು ‘ಇದ್ದು’ ಎನ್ನುವ ಮನೆಮಾತು ಹೊರಬೀಳುತ್ತಿತ್ತು. ಕೂಡಲೇ ಹುಬ್ಬಳ್ಳಿಯ ದೊಡ್ಡ ಡಾಕ್ಟರರಿಗೆ ತೋರಿಸಲು ಹೇಳಿದರು.

ಹುಬ್ಬಳ್ಳಿಯ ಡಾಕ್ಟರರು ನನ್ನ ಕಥೆಯನ್ನು ಪೂರ್ತಿ ಕೇಳಿದರು. ನನ್ನ ಮಾತನ್ನು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದವರು ಅವರೇ ಮೊದಲಿಗರು, ಹಾಗಾಗಿ ಅವರ ಮೇಲೆ ನನಗೆ ತಕ್ಷಣ ಗೌರವ ಹುಟ್ಟಿತು. ಅವರು ಕಾಗದದ ಮೇಲೆ ಎರಡು ಮೂತ್ರಪಿಂಡ ಬರೆದು, ಒಂದೊಂದರ ತಲೆಯ ಮೇಲೂ ಪುಟ್ಟ ಟೊಪ್ಪಿಗೆ ಬರೆದರು.

"ಇದು ಒಂದು ಗ್ರಂಥಿ ನೋಡ್ರಿ. ಮನಶ್ಯಾಗ ಸಿಟ್ಟು ಬಂದಾಗ, ಅಂಜಿಕಿ ಆದಾಗ, ಇದು ಒಂದು ರಸ ಬಿಡತೈತಿ. ಎದಿ ಹೊಡಕೊಳ್ಳೋದು, ಬೆವರೋದು ಎಲ್ಲಾ ಆ ರಸದ್ದ ಕೆಲಸ. ಎಲ್ಲೋ ಸಾವಿರದಾಗ ಒಬ್ಬರಿಗೆ ಇದರಾಗ ಗಡ್ಡಿ ಬೆಳೀತೈತಿ. ಆವಾಗ ಕಾರಣ ಇರಲಿ ಬಿಡಲಿ, ರಸ ಸುರಿಯೋದ ಸುರಿಯೋದು."

"ಅಂದ್ರ ಸಾಹೇಬ್ರ, ಸಿಟ್ಟು ಮಾಡೋದು ನಾ ಅಲ್ಲ? ಗಡ್ಡಿ?"

"ಹಂಗೂ ಇರಬಹುದು. ಇದ್ರ ಮುಂಬಯಿಗೆ ಹೋಗಿ ಕೊಯ್ದು ತಗಸಬೇಕಾಗತೈತಿ. ಬಿಟ್ರ ಒಂದಿನ ಮೆದುಳಿನ ನರ ಒಡೀಬಹುದು."

ನರ ಒಡೆಯುವ ಮಾತು ನನ್ನ ಕಿವಿಗೆ ಬಿತ್ತೇ ಹೊರತು ಒಳಗೆ ಇಳಿಯಲಿಲ್ಲ. ಒಳಗೆ ಆಗಲೇ ಹಬ್ಬ ನಡೆದಿತ್ತು. ಇಷ್ಟು ವರ್ಷ ಊರೆಲ್ಲ, ಮನೆಯವರೆಲ್ಲ, ಮುಂಗೋಪಿ, ದೂರ್ವಾಸ ಎಂದು ಕರೆದ ಮನುಷ್ಯ ನಿರಪರಾಧಿಯಾಗಿರಬಹುದು! ತಪ್ಪೆಲ್ಲ ಒಂದು ಗಡ್ಡೆಯದು! ದೇವರೇ, ಗಡ್ಡೆ ಇರಲಿ ಎಂದು ಅಲ್ಲೇ ಕೈಮುಗಿದೆ.

ಗಡ್ಡೆ ಇದೆಯೋ ಇಲ್ಲವೋ ತಿಳಿಯಲು ಇದ್ದ ದಾರಿ ಮೂತ್ರ ಪರೀಕ್ಷೆ. ಆ ರಸ ಕೊನೆಗೆ ಮೂತ್ರದಲ್ಲಿ ಇಳಿಯುತ್ತದಂತೆ. ಒಂದು ದಿನ ಬೆಳಿಗ್ಗೆಯಿಂದ ಮರುದಿನ ಬೆಳಿಗ್ಗೆಯವರೆಗೆ ಆದದ್ದೆಲ್ಲವನ್ನೂ, ಒಂದು ಹನಿ ಬಿಡದೆ, ಅವರು ಕೊಡುವ ಬಾಟಲಿಯಲ್ಲಿ ಕೂಡಿಸಿ ತಂದುಕೊಡಬೇಕು. ಅವರು ಅದನ್ನು ಅಳೆದು, ಮುಂಬಯಿಯ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಬಾಟಲಿಯ ತಳದಲ್ಲಿ ಸ್ವಲ್ಪ ಆಸಿಡ್ ಹಾಕಿದ್ದರು, ಕೆಡದಿರಲೆಂದು. "ನೇರ ಅದರಾಗ ಮಾಡಾಕ ಹೋಗಬ್ಯಾಡ್ರಿ, ಸುಟ್ಟುಕೊಂಡೀರಿ" ಎಂದು ಎರಡು ಸಲ ಹೇಳಿದರು. ಅದಕ್ಕೆ ಮುಂಚೆ ಮೂರು ದಿನ ಕಾಫಿ ಇಲ್ಲ, ಚಹಾ ಇಲ್ಲ, ಬಾಳೆಹಣ್ಣು ಇಲ್ಲ. ತಿಂದರೆ ಲೆಕ್ಕ ತಪ್ಪುತ್ತದಂತೆ.

ಬಾಟಲಿ ದೊಡ್ಡದು, ಕಂದು ಗಾಜಿನದು. ನಮ್ಮಲ್ಲಿ ಅಂಥ ಬಾಟಲಿಯಲ್ಲಿ ತುಂಬುವುದು ಜೇನುತುಪ್ಪವೊಂದನ್ನೇ. ಅದನ್ನು ಹಿಡಿದು ನಾನು ಬಸ್ಸಿಳಿದು ಮನೆಗೆ ನಡೆಯುವಾಗ ದಾರಿಯಲ್ಲಿ ಇಬ್ಬರು ಹಿಡಿದು ನಿಲ್ಲಿಸಿ, ಈ ಸಲ ಜೇನು ಎಲ್ಲಿಂದ ತರಿಸುತ್ತಿದ್ದೀರಿ ಎಂದು ಕೇಳಿದರು.

ಮನೆಯಲ್ಲಿ ಮೊದಲ ತಕರಾರು ಬಾಳೆಹಣ್ಣಿನದು. ಅವ್ವ ಲಿಂಗಪೂಜೆ ಮುಗಿಸಿ ಎಡೆಯ ಬಾಳೆಹಣ್ಣನ್ನು ದಿನವೂ ನನಗೆ ಕೊಡುತ್ತಿದ್ದಳು. ಬೇಡ ಎಂದೆ.

"ಪ್ರಸಾದ ಬ್ಯಾಡ ಅಂತೀಯೇನು? ಬಾಳಿಹಣ್ಣಿಗೂ ಉಚ್ಚಿಗೂ ಎತ್ತಣದ್ದು ಸಂಬಂಧ ತಮ್ಮಾ?"

"ನನಗೇನು ಗೊತ್ತು? ಡಾಕ್ಟರು ಹೇಳ್ಯಾರ!"

"ಒದರಬ್ಯಾಡ. ಗಡ್ಡಿ ಕೇಳಿಸಿಕೊಂಡೀತು."

ಎರಡನೆಯ ತಕರಾರು ಬಾಟಲಿ ಇಡುವ ಜಾಗದ್ದು. ತಂಪಾದ ಜಾಗ ಬೇಕು ಎಂದಿದ್ದರು. ಮನೆಯಲ್ಲಿ ತಂಪೆಂದರೆ ದೇವರ ಕೋಣೆ. ಅದರ ಮಾತೆತ್ತಿದ್ದಕ್ಕೇ ಅವ್ವ ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ. ಕಡೆಗೆ ಬಚ್ಚಲಮನೆಯ ಮೂಲೆಯಲ್ಲಿ, ಒದ್ದೆ ಗೋಣಿಚೀಲ ಸುತ್ತಿ, ನೀರಿನ ಹಂಡೆಯಿಂದ ದೂರ ಇಟ್ಟೆವು. ಪಕ್ಕದಲ್ಲಿ ಹಿಡಿದು ಸುರಿಯಲೆಂದು ಹಿಡಿಕೆ ಮುರಿದ ತಗಡಿನ ಮಗ್ಗು.

ಕೂಡಿಸುವ ದಿನ ಬಂತು. ಡಾಕ್ಟರರು "ಯಾವಾಗಲೂ ಇರೂ ಹಂಗ ಇರ್ರಿ" ಎಂದಿದ್ದರು. ಯಾವಾಗಲೂ ಇರುವ ಹಾಗೆ ಎಂದರೆ ನಾನು ಬೆಳಿಗ್ಗೆ ಬಾಗಿಲು ತೆಗೆಯುವಾಗಿನಿಂದಲೇ ಸಿಟ್ಟಾಗಬೇಕು. ಆದರೆ ಅವ್ವ ಹಿಂದಿನ ದಿನವೇ ಪೇಟೆಯ ತುಂಬ ಹೇಳಿಸಿಬಿಟ್ಟಿದ್ದಳು: ನಾಳೆ ಇವನಿಗೆ ಪರೀಕ್ಷೆ, ಯಾರೂ ಕೆಣಕಬೇಡಿ ಎಂದು. ಎದುರಿನ ಬಟ್ಟೆ ಅಂಗಡಿಯವರು ನನ್ನನ್ನು ಕಂಡು ಕೈಮುಗಿದರು. ದಿನವೂ ನಮ್ಮ ಮೆಟ್ಟಿಲ ಮೇಲೆ ಎಲೆಯಡಿಕೆ ಉಗಿಯುವವನು ಅಂದು ಬಾಯಿ ತುಂಬಿಕೊಂಡೇ ಮುಂದಿನ ಓಣಿಗೆ ಹೋದ. ಬೇಳೆಯಲ್ಲಿ ಕಲ್ಲಿದೆ ಎಂದು ಒಬ್ಬ ಗಿರಾಕಿಯೂ ಹೇಳಲಿಲ್ಲ. ಕಲ್ಲು ನನಗೆ ಕಾಣಿಸುತ್ತಿತ್ತು. "ಕಲ್ಲೈತಿ ನೋಡ್ರಿ!" ಎಂದು ನಾನೇ ತೋರಿಸಿದೆ. "ಇರಲಿ ಬಿಡ್ರಿ, ಆರಿಸಿಕೊಂತೀವಿ" ಎಂದು ನಕ್ಕರು.

ಮಧ್ಯಾಹ್ನದ ಹೊತ್ತಿಗೆ ಸಿದ್ದಾಪುರದ ಬೆಲ್ಲದ ಗಿರಾಕಿ ಬಂದರು. ನನಗೆ ಜೀವ ಬಂದಂತಾಯಿತು. ಪೆಂಟೆ ಒತ್ತಿದರು, ಬೆರಳು ನೆಕ್ಕಿದರು, ನಾನು ಉಸಿರು ಬಿಗಿಹಿಡಿದು ನಿಂತೆ. "ಬೆಲ್ಲ ಅಂದ್ರೆ ಇದು" ಎಂದು ಬಾಯಿ ಚಪ್ಪರಿಸಿ ಮೊದಲ ಪೆಂಟೆಯನ್ನೇ ಕಟ್ಟಿಸಿಕೊಂಡು ಹೋದರು. ಇಡೀ ಊರು ಸೇರಿ ನನ್ನ ಪರೀಕ್ಷೆಯನ್ನು ಹಾಳುಮಾಡುತ್ತಿದೆ ಎನಿಸಿತು. ಹೀಗೆ ಹಾಲಿನಂತೆ ಕೂತರೆ ರಸ ಎಲ್ಲಿಂದ ಇಳಿಯಬೇಕು? ಕಾಫಿಯೂ ಇಲ್ಲ. ಮುನಿಸಿಕೊಂಡು ನೀರನ್ನೂ ಸರಿಯಾಗಿ ಕುಡಿಯಲಿಲ್ಲ. ಅದರ ಫಲವಾಗಿ ಮರುದಿನ ಬೆಳಿಗ್ಗೆ ಕೊನೆಯ ಮಗ್ಗು ಸುರಿದಾಗಲೂ ಬಾಟಲಿ ಅರ್ಧಕ್ಕೆ ಬಂದಿರಲಿಲ್ಲ.

ಬಾಟಲಿಯ ಬಾಯಿ ಬಿಗಿದು ಬುಟ್ಟಿಯಲ್ಲಿ ಹುಲ್ಲು ಹಾಕಿ ಕಟ್ಟಿಡಲು ಹೆಂಡತಿಗೆ ಹೇಳಿ ನಾನು ಬಸ್ಸಿಗೆ ಜಾಗ ಹಿಡಿಯಲು ಸ್ಟ್ಯಾಂಡಿಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಬುಟ್ಟಿ ಸಿದ್ಧವಾಗಿತ್ತು, ಮೇಲೆ ಹಳೆಯ ಧೋತರದ ಗಂಟು. ಎತ್ತಿದರೆ ಭಾರ. ರಾತ್ರಿ ನಿದ್ದೆಯಿಲ್ಲದೆ ತೋಳು ಸೋತಿದೆ ಎಂದುಕೊಂಡೆ.

ಯಲ್ಲಾಪುರದ ಮೇಲೆ ಹೋಗುವ ಹುಬ್ಬಳ್ಳಿ ಬಸ್ಸು. ಕಂಡಕ್ಟರು ಯಲ್ಲಾಪುರದ ಸಾಹೇಬರು, ನಮ್ಮ ಅಂಗಡಿಯ ಗಿರಾಕಿ. ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತವನನ್ನು ನೋಡಿ ಕಣ್ಣು ಮಿಟುಕಿಸಿದರು.

"ಏನ್ ಸಾವಕಾರ್ರೇ, ಹುಬ್ಳಿ ಬೀಗರಿಗೆ ಜೇನಾ? ನಮ್ ಚಿಕ್ಕ ಮಗನಿಗೆ ಕೆಮ್ಮು ಐತೆ. ಒಂದು ಚಮಚ ಬಿಟ್ಟುಕೊಡಿ, ದುವಾ ಮಾಡ್ತೀನಿ."

"ಜೇನಲ್ಲ" ಎಂದೆ.

"ಅಯ್, ನಮ್ ಹತ್ರಾನೂ ಮುಚ್ಚಿಡ್ತೀರಲ್ಲ!" ಎಂದು ಗಂಟಿಗೆ ಕೈ ಹಾಕಿದರು.

ಹಿಂದಿನ ದಿನವೆಲ್ಲ ತಡೆದಿಟ್ಟದ್ದು ಆಗ ಒಮ್ಮೆಲೇ ಹೊರಟಿತು. ಅದು ಏನು, ಯಾರದ್ದು, ಎಷ್ಟು ಹೊತ್ತು ಕೂಡಿಸಿದ್ದು, ತಳದಲ್ಲಿ ಏನಿದೆ ಎಂಬುದೆಲ್ಲವನ್ನೂ ಎದ್ದುನಿಂತು ಬಸ್ಸಿಗೆಲ್ಲ ಕೇಳುವಂತೆ ವಿವರಿಸಿದೆ. ಪಕ್ಕದಲ್ಲಿದ್ದವರು ಎದ್ದರು, ಮುಂದಿದ್ದವರು ಎದ್ದರು, ಹಿಂದಿನವರೂ ಎದ್ದರು. ಹುಬ್ಬಳ್ಳಿಯ ತನಕ ಆ ಕಡೆಯ ಸೀಟುಗಳೆಲ್ಲ ನನ್ನವೇ. ಅಷ್ಟು ಆರಾಮವಾಗಿ ನಾನು ಆ ದಾರಿಯಲ್ಲಿ ಮತ್ತೆಂದೂ ಹೋಗಲಿಲ್ಲ. ಸಿಟ್ಟು ಹೊರಬಿದ್ದದ್ದು ಬಾಟಲಿ ಮುಚ್ಚಿದ ಮೇಲಾಯಿತಲ್ಲ ಎಂಬ ಚಿಂತೆಯೊಂದೇ ಉಳಿದದ್ದು.

ಕೆಲವು ವಾರಗಳ ಮೇಲೆ ವರದಿ ನಮ್ಮ ಶಿರಸಿಯ ಡಾಕ್ಟರರ ಕೈಗೆ ಬಂತು. ಇರಬೇಕಾದ್ದಕ್ಕಿಂತ ತುಂಬಾ ಹೆಚ್ಚಿದೆ, ಸಂಶಯವೇ ಇಲ್ಲ, ಬೇಗ ಮುಂಬಯಿಗೆ ಹೊರಡಬೇಕು ಎಂದರು. ಹೇಳುವಾಗ ಅವರ ಮುಖ ಚಿಕ್ಕದಾಗಿತ್ತು. ನಾನು ಅವರ ಕೈ ಕುಲುಕಿದೆ. ಹೊರಗೆ ಬರುವಾಗ ಕಂಪೌಂಡರನ ಹತ್ತಿರ ನಿಂತು, "ಅವತ್ತು ನಿನಗೆ ಬೈದವನು ನಾನಲ್ಲಪ್ಪ. ಪರೀಕ್ಷೆಯಲ್ಲಿ ಗೊತ್ತಾಗಿದೆ" ಎಂದೆ. ಅವನು ಬಾಗಿಲು ತೆರೆದು ಹಿಡಿದ.

ಆಮೇಲಿನ ಒಂದು ವಾರ ನನ್ನ ಬದುಕಿನ ದೊಡ್ಡ ವಾರ. ಪೇಟೆಯ ಈ ತುದಿಯಿಂದ ಆ ತುದಿಯವರೆಗೆ ನಾನು ಜಗಳ ಆಡದ ಅಂಗಡಿಯೇ ಇರಲಿಲ್ಲ. ಒಂದೊಂದಾಗಿ ಹತ್ತಿ, ಟೊಪ್ಪಿಗೆ ಹಾಕಿದ ಮೂತ್ರಪಿಂಡದ ಚಿತ್ರ ಬರೆದು ತೋರಿಸಿ, ನನ್ನ ನಿರಪರಾಧಿತ್ವವನ್ನು ಸ್ಥಾಪಿಸಿ ಇಳಿದೆ. ಕ್ಷಮೆ ಕೇಳಲಿಲ್ಲ. ಮಾಡದ ತಪ್ಪಿಗೆ ಕ್ಷಮೆ ಏಕೆ? ಬಟ್ಟೆ ಅಂಗಡಿಯವರು ಗಡ್ಡೆ ತೆಗೆದ ಮೇಲೆ ಪೇಟೆ ಬಿಕೋ ಎನ್ನುತ್ತದೆ ಎಂದರು. ಸಿದ್ದಾಪುರದವರು ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡು, "ಹಂಗಾದ್ರೆ ನಿಮ್ಮ ಗಡ್ಡೆ ಹತ್ರ ಹೇಳಿ, ಆನು ಇನ್ನು ಮುಂದೂ ಬೆಲ್ಲ ಒತ್ತಿ ನೋಡ್ತೆ" ಎಂದು ಪೆಂಟೆಗೆ ಕೈಹಾಕಿದರು.

ಮನೆಯಲ್ಲಿ ಮಾತ್ರ ಯಾರಿಗೂ ಖುಷಿಯಿರಲಿಲ್ಲ. ಅವ್ವ ಪೂಜೆಗೆ ಕೂತರೆ ಏಳುತ್ತಿರಲಿಲ್ಲ. ಹೆಂಡತಿ ಟ್ರಂಕಿಗೆ ನನ್ನ ಬಟ್ಟೆ ತುಂಬುವುದು, ತೆಗೆಯುವುದು, ಮತ್ತೆ ತುಂಬುವುದು ಮಾಡುತ್ತಿದ್ದಳು. ಹೊರಡುವ ಹಿಂದಿನ ದಿನ, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ, ಒಳಬಾಗಿಲಿಗೆ ಬಂದು ನಿಂತಳು.

"ಒಂದು ಮಾತಿತ್ತರಿ."

"ಹೇಳು."

"ಆ ಬಾಟ್ಲಿ... ಅದು ಅರ್ಧಕ್ಕೂ ಬಂದಿರಲಿಲ್ಲರಿ. ತುಂಬಿಸಿ ಕಳಿಸಿದ್ವಿ."

"ಏನು ತುಂಬಿಸಿದ್ರಿ? ನೀರು?"

"ಇಲ್ಲರಿ. ನೀರು ಹಾಕಿದ್ರ ಹಾಲಿನವರು ಸಿಕ್ಕಿಬೀಳೂ ಹಂಗ ನಾವೂ ಸಿಕ್ಕಿಬೀಳ್ತೀವಿ ಅಂದ್ರು ಅತ್ತ್ಯಾರು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಹಿಂದಿನ ಸಂಜಿಯಿಂದ ಕೂಡಿಸಿಟ್ಟು ನಂದ ಹಾಕಿದೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವ್ವ ಜಪದ ಸರ ಹಿಡಿದುಕೊಂಡೇ ಹಿಂದಿನಿಂದ ಬಂದು ಮುಂದೆ ನಿಂತಳು.

"ಅಕಿಗೆ ಏನೂ ಅನಬ್ಯಾಡ. ಹೇಳಿದಾಕಿ ನಾ. ನಿಮ್ಮಪ್ಪ ಇದ್ದಾಗಿಂದ ಈ ಮನಿಯಿಂದ ತುಂಬಲಾರದ ಬಾಟ್ಲಿ ಹೊರಗ ಹೋಗಿಲ್ಲ. ಅರ್ಧಾ ಬಾಟ್ಲಿ ಕಳಿಸಿದ್ರ ಹುಬ್ಬಳ್ಳಿ ಮಂದಿ ಏನಂತಿದ್ರು? ಶಿರಸಿ ಅಂಗಡಿಯವರು ಉಚ್ಚಿಯೊಳಗೂ ಕಡಿಮಿ ಹಾಕ್ಯಾರ ಅಂತಿದ್ರು."

"ಅದಕ್ಕ ಇವಳದ್ದು ಹಾಕೋದೇನು?"

"ಮತ್ತ ಯಾರದು? ನಂದು ಹಳೇ ಮಾಲು, ಹೊಸದಕ್ಕ ಕೂಡಸಬಾರದು. ಗಂಡಗ ಹೆಂಡ್ತಿ ಅಂದ್ರ ಅರ್ಧಾ ಮೈ. ಶಿವನ ಅರ್ಧಾ ಮೈ ಕೊಟ್ಟಾನ. ಅಕಿದು ಹಾಕಿದ್ರ ನಿಂದ ಹಾಕಿದಂಗಾತು. ಕತ್ತಿನ ಮಟ ತುಂಬಿಸಿ, ಮ್ಯಾಲೆ ಒಂದೀಟು ಕೊಸರೂ ಹಾಕಿ ಕಳಿಸೀವಿ."

ಆಮೇಲೆ ನಾನು ಹಾಕಿದ ಕೂಗು ಮಾಮಲೇದಾರ ಕಚೇರಿಯವರೆಗೆ ಕೇಳಿಸಿತೆಂದು ಹೇಳಿದವರಿದ್ದಾರೆ. ಅಪ್ಪನ ಕೊಸರಿಗೆ ಬೈದೆ, ಶಿವನ ಅರ್ಧ ಮೈಗೆ ಬೈದೆ, ಹಾಲಿನವರಿಗೂ ಬೈದೆ. ನನ್ನ ಬಿಡುಗಡೆಯ ಪತ್ರಕ್ಕೆ ಬೇರೆಯವರ ಮೂತ್ರ ಬಿದ್ದಿತ್ತು. ಈಗ ಹಾದಿಬೀದಿಯಲ್ಲಿ ಚಿತ್ರ ಬರೆದು ತೋರಿಸಿದ್ದೆಲ್ಲ ಏನಾಗಬೇಕು? ಎದೆ ಡವಡವ ಎನ್ನುತ್ತಿತ್ತು. ಹಾಗೆಯೇ ಇಬ್ಬರನ್ನೂ ಕರೆದುಕೊಂಡು ಡಾಕ್ಟರರಲ್ಲಿಗೆ ನಡೆದೆ. ಕಂಪೌಂಡರನು ಸರದಿ ನೋಡದೆ ಒಳಗೆ ಬಿಟ್ಟ.

ಡಾಕ್ಟರರು ಕೇಳಿ, ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕೊಸರು! ಅಯ್ಯೋ ಮಾರಾಯ್ರೇ, ಇದ್ರಲ್ಲೂ ಕೊಸರು!" ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸುತ್ತಾ ಒರೆಸುತ್ತಾ ಕೈ ನಿಂತಿತು. ನಗುವೂ ನಿಂತಿತು.

"ತಂಗೀ, ಇಲ್ಲಿ ಬಾ" ಎಂದು ನನ್ನ ಹೆಂಡತಿಯನ್ನು ಕರೆದರು. "ನಿನಗೆ ಯಾವಾಗಾದ್ರೂ ತಲೆ ಸಿಡಿಯೋದು, ಎದೆ ಹೊಡ್ಕೊಳ್ಳೋದು, ಬೆವರೋದು ಆಗ್ತದಾ?"

"ಆಗತೈತ್ರಿ. ಕೊಡ ಎತ್ತುವಾಗ. ಬಗ್ಗಿ ಒಲಿ ಊದುವಾಗ."

"ಎಷ್ಟು ದಿನದಿಂದ?"

"ಸಣ್ಣ ಮಗಳು ಹುಟ್ಟಿದಾಗಿಂದ." ಡಾಕ್ಟರರ ಮುಖ ನೋಡಿ ಅವಳಿಗೆ ಆಶ್ಚರ್ಯವಾದಂತಿತ್ತು. "ಎಲ್ಲಾರಿಗೂ ಹಂಗ ಆಗತೈತಲ್ರೀ?"

ಡಾಕ್ಟರರು ಕನ್ನಡಕ ಹಾಕಿಕೊಂಡರು. ಅವಳ ತೋಳಿಗೆ ಪಟ್ಟಿ ಸುತ್ತಿದರು, ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿದರು. ಒಮ್ಮೆ ಬಗ್ಗಿ ನೆಲ ಮುಟ್ಟಿ ಏಳಲು ಹೇಳಿ ಮತ್ತೆ ನೋಡಿದರು. ಅವಳ ಸಣ್ಣ ಮಗಳಿಗೆ, ನಮ್ಮ ಮಗಳಿಗೆ, ಆಗ ಆರು ವರ್ಷ. ಆರು ವರ್ಷ ನಾನು ಅಂಗಡಿಯಲ್ಲಿ ಕೂಗುತ್ತಿದ್ದಾಗ ಇವಳು ಬಾವಿಕಟ್ಟೆಯ ಮೇಲೆ ಬೆವರು ಒರೆಸಿಕೊಂಡು ಕೂತು, ಎದ್ದು, ಕೊಡ ತಂದಿದ್ದಳು. ನನಗೆ ಭಯವಾಯಿತು. ನನ್ನ ಬಗ್ಗೆ ಒಮ್ಮೆಯೂ ಆಗದ ಭಯ.

ಮತ್ತೆ ಪರೀಕ್ಷೆ ಆಗಬೇಕು ಎಂದರು, ಇಬ್ಬರದೂ, ಬೇರೆ ಬೇರೆ ಬಾಟಲಿಯಲ್ಲಿ. ಈ ಸಲ ಅವ್ವನೇ ಬಚ್ಚಲಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕಾವಲು ಕೂತಳು. ಸೊಸೆಯ ಬಾಟಲಿಗೆ ಕೆಂಪು ದಾರ ಕಟ್ಟಿದಳು, ನನ್ನದಕ್ಕೆ ಸುತಳಿ. ಅರ್ಧವಾದರೂ ಸರಿ, ಕಾಲಾದರೂ ಸರಿ, ಹನಿ ಕೂಡ ಮೇಲೆ ಹಾಕುವುದಿಲ್ಲ ಎಂದು ಲಿಂಗ ಮುಟ್ಟಿ ಆಣೆ ಮಾಡಿದಳು. ನಾನು ಬಾವಿಗೆ ಹೋಗಿ ನೀರು ಸೇದಿದೆ. ನೋಡಲು ಓಣಿಯ ಹೆಂಗಸರೆಲ್ಲ ಹೊರಗೆ ಬಂದರು. ಅರ್ಧ ನೀರು ನನ್ನ ಕಾಲ ಮೇಲೆಯೇ ಹೋಯಿತು. ಇವಳು ಒಲೆಯ ಹತ್ತಿರ ಬಗ್ಗಬಾರದೆಂದು ಅಡುಗೆಮನೆಗೂ ನುಗ್ಗಿ ಒಲೆ ಊದಿದೆ. ಅವಳು ಗೋಡೆಗೆ ಒರಗಿ ಕೂತು, ನನ್ನ ಮೂತಿಗೆ ಮಸಿ ಹತ್ತಿದ್ದನ್ನು ನೋಡಿ ಬಾಯಿಗೆ ಸೆರಗು ಮುಚ್ಚಿಕೊಂಡಳು.

ಎರಡು ಬುಟ್ಟಿ ಹೊತ್ತು ಬಸ್ ಹತ್ತಿದಾಗ ಕಂಡಕ್ಟರು ಸಾಹೇಬರು ಏನೂ ಕೇಳಲಿಲ್ಲ. ತಾವೇ ಮುಂದಿನ ಸೀಟು ಖಾಲಿ ಮಾಡಿಸಿ, ಒಂದು ಬುಟ್ಟಿಯನ್ನು ತಾವು ಹಿಡಿದುಕೊಂಡು ಯಲ್ಲಾಪುರದವರೆಗೆ ನಿಂತೇ ಬಂದರು. ಮೊದಲ ಸಲ ಬಾಟಲಿ ಕಳಿಸಿದಾಗ ನನ್ನದೇ ಕೆಟ್ಟದಾಗಿರಲಿ ಎಂದು ಬೇಡಿಕೊಂಡಿದ್ದೆ. ಈ ಸಲವೂ ಅದನ್ನೇ ಬೇಡಿಕೊಂಡೆ. ಬೇಡಿಕೆ ಅದೇ, ಕಾರಣ ಮಾತ್ರ ಬೇರೆ.

ದೇವರು ಕೇಳಲಿಲ್ಲ. ನನ್ನ ಬಾಟಲಿಯಲ್ಲಿ ಏನೂ ಇರಲಿಲ್ಲ. ಮೂವತ್ತೆಂಟು ವರ್ಷದ ಆರೋಗ್ಯವಂತ ಮನುಷ್ಯನಲ್ಲಿ ಎಷ್ಟಿರಬೇಕೋ ಅಷ್ಟೇ ರಸ.

"ನಿಮ್ಮ ಸಿಟ್ಟು ನಿಮ್ಮದೇ ಸ್ವಂತದ್ದು ಮಾರಾಯ್ರೇ" ಎಂದರು ಡಾಕ್ಟರರು. "ಅದಕ್ಕೆ ನನ್ನ ಹತ್ರ ಔಷಧ ಇಲ್ಲೆ. ಗಡ್ಡೆ ತಂಗಿಗೆ ಇದ್ದು."

ನಾನು ಒಂದು ಪ್ರಶ್ನೆ ಕೇಳಿದೆ. "ನಾ ಒದರಿ ಒದರಿ ಅಕಿಗೆ ಹಿಂಗ ಆತೇನ್ರಿ?"

"ಇಲ್ಲ. ಗಡ್ಡೆಗೆ ಕಿವಿ ಇರೋದಿಲ್ಲ. ನೀವು ಕೂಗಿದ್ರೂ ಬೆಳೀತಿತ್ತು, ಹಾಡಿದ್ರೂ ಬೆಳೀತಿತ್ತು." ವರದಿ ಮಡಚುತ್ತ, "ಕೊಸರು ಹಾಕದೇ ಇದ್ದಿದ್ರೆ ಮಾತ್ರ ಯಾರಿಗೂ ಗೊತ್ತಾಗ್ತಿರಲಿಲ್ಲ" ಎಂದರು. ಇದನ್ನು ಅವ್ವನಿಗೆ ಹೇಳಬೇಡಿ ಎಂದು ಕೇಳಿಕೊಂಡೆ. ಹೇಳಿದರೆ ಅವಳನ್ನು ಹಿಡಿಯುವುದು ಕಷ್ಟ. ಅವರು ಆ ಸಂಜೆಯೇ ಹೇಳಿದರು.

ಟ್ರಂಕಿನಿಂದ ನನ್ನ ಬಟ್ಟೆ ತೆಗೆದು ಅವಳ ಬಟ್ಟೆ ತುಂಬಿದೆವು. ಮುಂಬಯಿಯ ಆಸ್ಪತ್ರೆ ನಮ್ಮ ಇಡೀ ಪೇಟೆಯಷ್ಟು ದೊಡ್ಡದು. ಆಪರೇಷನ್ನಿನ ದಿನ ನಾನು ಬೆಂಚಿನ ಮೇಲೆ ಕೂತಿದ್ದೆ. ಗಡ್ಡೆಯನ್ನು ಮುಟ್ಟಿದಾಗ ರಸ ಒಮ್ಮೆಲೇ ಸುರಿಯಬಹುದು, ಅಪಾಯವಿದೆ ಎಂದು ಮೊದಲೇ ಹೇಳಿದ್ದರು. ಅಂದು ನನ್ನ ಕಾಲನ್ನು ಇಬ್ಬರು ತುಳಿದರು, ಒಬ್ಬ ನನ್ನ ಚೀಲವನ್ನು ಒದ್ದು ಹೋದ, ಬೆಂಚಿನ ಇನ್ನೊಂದು ತುದಿಯವನು ನನ್ನ ಹೆಗಲ ಮೇಲೆ ನಿದ್ದೆ ಮಾಡಿದ. ನನಗೆ ಸಿಟ್ಟು ಬರಲಿಲ್ಲ. ಬರಿಸಿಕೊಳ್ಳಲು ನೋಡಿದೆ, ಆ ಭಯಕ್ಕಿಂತ ಅದಾದರೂ ಮೇಲು ಎಂದು. ಬರಲಿಲ್ಲ. ಸಂಜೆಗೆ ಮುಂಚೆ ಸರ್ಜನ್ ಹೊರಗೆ ಬಂದು, ನಿಂಬೆಹಣ್ಣಿನಷ್ಟಿತ್ತು, ತೆಗೆದಾಯಿತು, ಉಳಿಯುತ್ತಾರೆ ಎಂದರು. ಅವರ ಕಾಲು ಹಿಡಿದೆ. ಅವರು ಬಿಡಿಸಿಕೊಂಡು ಹೋದರು.

ಮರುದಿನ ಅವಳ ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದೆ. ಮೂಗಿಗೆ ನಳಿಗೆ, ಕೈಗೆ ನಳಿಗೆ. ತುಟಿ ಒಣಗಿತ್ತು. ತುಟಿ ಒದ್ದೆ ಮಾಡಲು ಅರಿವೆ, ನೀರು ತರುತ್ತೇನೆಂದು ಹೋದ ವಾರ್ಡಿನವನು ಬಾಗಿಲಲ್ಲಿ ಇನ್ನೊಬ್ಬನ ಜೊತೆ ನಗುತ್ತ ನಿಂತದ್ದು ಕಾಣಿಸಿತು. ಎಲ್ಲಿತ್ತೋ, ಬಂತು. ಎದ್ದುನಿಂತು, ಅಂಗಡಿಯಲ್ಲಿ ಕಲಿತ ಹರಕು ಹಿಂದಿಯಲ್ಲಿ, ಶಿರಸಿಯ ಗಂಟಲಿನಲ್ಲಿ ಶುರುಮಾಡಿದೆ. ವಾರ್ಡಿನಲ್ಲಿದ್ದ ರೋಗಿಗಳೆಲ್ಲ ಇತ್ತ ತಿರುಗಿದರು.

"ಒದರಬ್ಯಾಡ್ರಿ."

ತಿರುಗಿ ನೋಡಿದೆ. ಅವಳ ಕಣ್ಣು ಮುಚ್ಚಿಯೇ ಇತ್ತು. ಹುಬ್ಬು ಗಂಟಿಕ್ಕಿತ್ತು.

"ನನಗ ತಲಿ ನೋಯಾಕತ್ತೈತಿ. ಸುಮ್ನ ಕುಂದರ್ರಿ."

ಮದುವೆಯಾದಂದಿನಿಂದ ಅವಳು ತನಗೆ ಎಲ್ಲಾದರೂ ನೋಯುತ್ತದೆ ಎಂದು ತಾನಾಗಿಯೇ ನನಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸುಮ್ಮನೆ ಕೂತೆ.